ಕುಡಿತ ಬಿಡಿಸುವ ಪುಡಿ ಸಾರಿನಲ್ಲಿ ಬೆರೆಸಬಹುದಾ? ಅಣ್ಣನ ವಿಚಾರ, ಸಲಹೆ ಬೇಕು

ಹೇಮಾವತಿ_ತೀರ
ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನನ್ನ ಅಣ್ಣನಿಗೆ ನಲವತ್ತು ದಾಟಿದೆ. ಪಿಕಪ್ ಗಾಡಿ ಓಡಿಸುತ್ತಿದ್ದ. ಈಗ ಗಾಡಿ ಮನೆ ಮುಂದೆ ನಿಂತಿದೆ. ಬೆಳಗ್ಗೆ ಎದ್ದರೆ ಕೈ ನಡುಗುತ್ತದೆ. ಒಂದು ನೈಂಟಿ ಒಳಗೆ ಹೋಗದೆ ಮುಖ ಕೂಡ ತೊಳೆಯುವುದಿಲ್ಲ. ರಾತ್ರಿಯೊಳಗೆ ಎರಡು ಕ್ವಾರ್ಟರ್ ಖಾಲಿ. ಅತ್ತಿಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಾರೆ.

ಆಣೆ ಮಾಡಿಸಿದ್ದಾಯಿತು, ಹರಕೆ ಹೊತ್ತಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಈಗ ಮನೆಯಲ್ಲಿ ಎರಡು ಮಾತು ನಡೆಯುತ್ತಿವೆ. ಒಂದು, ಪಕ್ಕದೂರಿನಲ್ಲಿ ಒಬ್ಬರು ಪುಡಿ ಕೊಡುತ್ತಾರಂತೆ. ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿದರೆ ಕುಡಿದದ್ದೆಲ್ಲ ವಾಂತಿಯಾಗಿ ತಾನಾಗಿಯೇ ಅಸಹ್ಯ ಬರುತ್ತದಂತೆ. ಇನ್ನೊಂದು, ದೊಡ್ಡಪ್ಪನ ಮಕ್ಕಳು ಹೇಳುವುದು: ತೋಟದ ಮನೆಯಲ್ಲಿ ಒಂದು ವಾರ ಕೂಡಿಹಾಕಿ ಬೀಗ ಹಾಕೋಣ, ಬಿಡದೆ ಎಲ್ಲಿಗೆ ಹೋಗ್ತಾನೆ ಅಂತ. ನನಗೆ ಎರಡಕ್ಕೂ ಭಯ. ಗೊತ್ತಿರುವವರು ದಯವಿಟ್ಟು ಹೇಳಿ.

ಮೆಡಿಕಲ್_ರಾಯರು
ತಂಗೀ, ಪುಡಿ ಬೆರೆಸಬೇಡಿ. ಮೊದಲು ಇದನ್ನು ಹೇಳಿ ಆಮೇಲೆ ಕಾರಣ ಹೇಳುತ್ತೇನೆ.

ನಾನು ಶಿವಮೊಗ್ಗ ಕಡೆ ಔಷಧಿ ಅಂಗಡಿ ಇಟ್ಟಿದ್ದೇನೆ. 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ' ಅಂತ ಗೋಡೆ ಮೇಲೆ, ಬಸ್ ಸ್ಟ್ಯಾಂಡ್ ಕಂಬದ ಮೇಲೆ ಅಂಟಿಸಿರುತ್ತಾರಲ್ಲ, ಅಂಥ ಪುಡಿಯಲ್ಲಿ ಏನಿದೆ ಎಂದು ಹೊರಗಿನವರಿಗೆ ತಿಳಿಯುವ ದಾರಿಯೇ ಇಲ್ಲ. ಆದರೆ ಕುಡಿದ ಕೂಡಲೇ ವಾಂತಿ, ಮುಖ ಕೆಂಪು, ಎದೆಬಡಿತ ಅಂದರೆ ನನಗೆ ನೆನಪಾಗುವುದು ಡೈಸಲ್ಫಿರಾಮ್ ಎಂಬ ಮಾತ್ರೆ. ಇದು ನಿಜವಾದ ಔಷಧಿಯೇ. 1948ರ ಸುಮಾರಿಗೆ ಡೆನ್ಮಾರ್ಕಿನಲ್ಲಿ ಹಾಲ್ಡ್ ಮತ್ತು ಯಾಕೋಬ್‌ಸೆನ್ ಎಂಬ ಇಬ್ಬರು ಇದನ್ನು ಜಂತುಹುಳದ ಔಷಧಿಯಾಗಿ ಪರೀಕ್ಷಿಸುತ್ತಿದ್ದರು. ತಾವೇ ನುಂಗಿ ನೋಡಿದರು. ಆಮೇಲೆ ಮದ್ಯ ಮುಟ್ಟಿದಾಗ ಮೈ ಕೆಟ್ಟಿತು. ಹೀಗೆ ಅದರ ಗುಣ ಹೊರಬಿತ್ತು.

ಮದ್ಯ ನಮ್ಮ ದೇಹದಲ್ಲಿ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಲಿವರ್ ಅದನ್ನು ಬೇಗ ಮುಗಿಸಿಬಿಡುತ್ತದೆ. ಈ ಮಾತ್ರೆ ಆ ಕೆಲಸವನ್ನು ತಡೆಯುತ್ತದೆ. ವಿಷ ರಕ್ತದಲ್ಲೇ ಉಳಿಯುತ್ತದೆ. ಬಿಪಿ ಒಮ್ಮೆಲೇ ಇಳಿಯಬಹುದು. ಹೃದಯದ ತೊಂದರೆ ಇದ್ದವರಿಗೆ ಜೀವಕ್ಕೇ ಅಪಾಯ. ಲಿವರ್‌ಗೂ ಪೆಟ್ಟಾಗಬಹುದು. ಕೊನೆಯ ಮಾತ್ರೆ ನುಂಗಿ ಎರಡು ವಾರದವರೆಗೂ ಇದರ ಪರಿಣಾಮ ಇರುತ್ತದೆ. ಅದಕ್ಕೇ ವೈದ್ಯರು ಇದನ್ನು ಕೊಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ, ರೋಗಿಗೆ ಎಲ್ಲಾ ತಿಳಿಸಿ, ಅವರು ಒಪ್ಪಿದ ಮೇಲಷ್ಟೇ ಬರೆಯುತ್ತಾರೆ. ಕೆಲವು ಕೆಮ್ಮಿನ ಸಿರಪ್, ಆಯುರ್ವೇದದ ಅರಿಷ್ಟ, ಆಸವಗಳಲ್ಲೂ ಮದ್ಯಸಾರ ಇರುತ್ತದೆ. ಅದನ್ನು ಕುಡಿದರೂ ರಿಯಾಕ್ಷನ್ ಆಗಬಹುದು. ಗೊತ್ತಿರುವವನು ಹುಷಾರಾಗಿರುತ್ತಾನೆ. ಸಾರಿನಲ್ಲಿ ತಿಂದವನಿಗೆ ಹೇಗೆ ಗೊತ್ತಾಗಬೇಕು? ಎರಡು ಕ್ವಾರ್ಟರ್ ಕುಡಿಯುವವನಿಗೆ ಕದ್ದು ಕೊಡುವುದು ಅಂದರೆ ವಿಷ ಹಾಕಿದ ಲೆಕ್ಕವೇ. ಕಟುವಾಗಿ ಬರೆದೆ ಅಂತ ಬೇಜಾರಾಗಬೇಡಿ.

ಸಿಸ್ಟರ್_ಧಾರವಾಡ
ರಾಯರು ಪುಡಿ ಬಗ್ಗೆ ಹೇಳಿದ್ದು ಸರಿ. ನಾನು ಬೀಗದ ಬಗ್ಗೆ ಹೇಳುತ್ತೇನೆ. ನನ್ನ ಮಟ್ಟಿಗೆ ಅದೇ ಹೆಚ್ಚು ಭಯದ್ದು. ಮನೋರೋಗ ವಿಭಾಗದ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ.

ಅಕ್ಕಾ, ಬೆಳಗ್ಗೆ ಕೈ ನಡುಗುತ್ತದೆ, ಒಂದು ನೈಂಟಿ ಒಳಗೆ ಹೋಗದೆ ಮುಖ ಕೂಡ ತೊಳೆಯುವುದಿಲ್ಲ ಎಂದಿರಲ್ಲ, ಅಷ್ಟೇ ಸಾಕು. ನಿಮ್ಮ ಅಣ್ಣನ ಮಿದುಳು ಮದ್ಯಕ್ಕೆ ಹೊಂದಿಕೊಂಡುಬಿಟ್ಟಿದೆ. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ದಿನಾ ಮಂಕು ಮಾಡಿದರೆ ಮಿದುಳು ಸುಮ್ನೆ ಕೂರುವುದಿಲ್ಲ, ತನ್ನನ್ನು ತಾನೇ ಉದ್ರೇಕದಲ್ಲಿ ಇಟ್ಟುಕೊಳ್ಳುತ್ತದೆ. ಒಂದು ದಿನ ಮದ್ಯ ತಟ್ಟನೆ ನಿಂತರೆ ಆ ಉದ್ರೇಕಕ್ಕೆ ತಡೆಯೇ ಇರುವುದಿಲ್ಲ. ಮೊದಲು ನಡುಕ, ಬೆವರು, ನಿದ್ದೆ ಇಲ್ಲ. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಕೆಲವರಿಗೆ ಎರಡರಿಂದ ನಾಲ್ಕನೇ ದಿನದಲ್ಲಿ ಡೆಲಿರಿಯಂ. ಎಲ್ಲಿದ್ದೇನೆ ಎಂಬ ಅರಿವೇ ಇರುವುದಿಲ್ಲ. ಗೋಡೆ ಮೇಲೆ ಹುಳ ಹರಿದಾಡುತ್ತಿವೆ ಎನ್ನುತ್ತಾರೆ, ಇಲ್ಲದ ಜನರ ಜೊತೆ ಮಾತಾಡುತ್ತಾರೆ. ಊರಿನಲ್ಲಿ ಇದನ್ನು ಗಾಳಿ ಸೋಕಿದೆ ಅಂತ ತಿಳಿದು ಮಂತ್ರ ಹಾಕಿಸಲು ಕರೆದುಕೊಂಡು ಹೋಗುತ್ತಾರೆ. ಅಷ್ಟರಲ್ಲಿ ಪ್ರಾಣ ಹೋದದ್ದೂ ಇದೆ. ಬೀಗ ಹಾಕಿದ ತೋಟದ ಮನೆಯಲ್ಲಿ ಮೂರನೇ ರಾತ್ರಿ ಇದು ಶುರುವಾದರೆ ಯಾರಿರುತ್ತಾರೆ?

ಆಸ್ಪತ್ರೆಯಲ್ಲಿ ಇದೇ ಕೆಲಸವನ್ನು ಔಷಧಿ ಕೊಟ್ಟು ಮಾಡುತ್ತೇವೆ. ಉದ್ರೇಕ ಇಳಿಸುವ ಮಾತ್ರೆಯನ್ನು ಜಾಸ್ತಿಯಲ್ಲಿ ಶುರು ಮಾಡಿ ದಿನ ದಿನ ಕಡಿಮೆ ಮಾಡುತ್ತಾ ಒಂದು ವಾರ ಹತ್ತು ದಿನದಲ್ಲಿ ನಿಲ್ಲಿಸುತ್ತೇವೆ. ಜೊತೆಗೆ ವಿಟಮಿನ್ ಬಿ1 ಇಂಜೆಕ್ಷನ್. ಇದನ್ನು ಯಾರೂ ಮರೆಯಬಾರದು. ಕುಡಿಯುವವರು ಊಟ ಸರಿಯಾಗಿ ಮಾಡುವುದಿಲ್ಲ, ಬಿ1 ಬತ್ತಿಹೋಗಿರುತ್ತದೆ. ಹಾಗೆ ಆದಾಗ ನಡಿಗೆ ತೂರಾಡುತ್ತದೆ, ಕಣ್ಣು ಓಡಾಟ ತಪ್ಪುತ್ತದೆ, ನೆನಪು ಶಾಶ್ವತವಾಗಿ ಹಾಳಾಗಬಹುದು. ನಮ್ಮ ಕಡೆ ಸುಸ್ತಾದರೆ ಹೋಗಿ ಒಂದು ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬರುವ ರೂಢಿ ಇದೆಯಲ್ಲ, ಇವರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಕೊಟ್ಟರೆ ತೊಂದರೆ ಹೆಚ್ಚಬಹುದು. ಯಾವ ಆಸ್ಪತ್ರೆಗೆ ಹೋದರೂ ಎಷ್ಟು ಕುಡಿಯುತ್ತಾರೆ ಎಂಬುದನ್ನು ಮುಚ್ಚಿಡಬೇಡಿ.

ಅಂದಹಾಗೆ ಎರಡು ಕ್ವಾರ್ಟರ್ ಅಂದರೆ 360 ಎಂ.ಎಲ್. ನಮ್ಮ ವಿಸ್ಕಿ, ಬ್ರಾಂದಿಯಲ್ಲಿ ಸಾಮಾನ್ಯವಾಗಿ 42.8% ಮದ್ಯಸಾರ. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 120 ಗ್ರಾಂ ಶುದ್ಧ ಮದ್ಯಸಾರ. ಇಷ್ಟು ಕುಡಿಯುವವರು ಮನೆಯಲ್ಲಿ ತಟ್ಟನೆ ನಿಲ್ಲಿಸಬಾರದು.

ಗಟ್ಟಿ_ಮಾತು
ಎಲ್ಲರೂ ಕಾಯಿಲೆ ಕಾಯಿಲೆ ಅಂತೀರಿ. ನಾನೂ ಹಬ್ಬಕ್ಕೆ ಎರಡು ಪೆಗ್ ಹಾಕುತ್ತೇನೆ, ಮಾರನೇ ದಿನ ಅಂಗಡಿ ತೆಗೆಯುತ್ತೇನೆ. ನನಗೆ ಯಾಕೆ ಬರಲಿಲ್ಲ ಈ ಕಾಯಿಲೆ? ಮನಸ್ಸು ಗಟ್ಟಿ ಇದ್ದರೆ ಎಲ್ಲಾ ಆಗುತ್ತದೆ. ಕಾಯಿಲೆ ಅಂದುಬಿಟ್ಟರೆ ಕುಡುಕನಿಗೆ ಒಳ್ಳೆ ನೆಪ ಸಿಕ್ಕಿತು. ಇನ್ನು ಮುಂದೆ ಬಾರಿನಲ್ಲಿ ಕೂತು 'ನಾನು ರೋಗಿ ಕಣಪ್ಪಾ' ಅಂತಾನೆ.

ಬಿಟ್ಟವನು_ಮೈಸೂರು
ಸರ್, ಆ ಮಾತು ನಾನೂ ಹೇಳುತ್ತಿದ್ದೆ. ಬಾಟಲಿ ಎದುರಿಗೆ ಇಟ್ಟುಕೊಂಡೇ ಹೇಳುತ್ತಿದ್ದೆ. ಮನಸ್ಸು ಗಟ್ಟಿ ಇಲ್ಲದೆ ಅಲ್ಲ. ಕಿಸೆಯಲ್ಲಿ ಕಾಸಿಲ್ಲದೆ, ಮಳೆಯಲ್ಲಿ, ಬೆಳಗ್ಗೆ ಆರಕ್ಕೇ ಎಲ್ಲಿ ಸಿಗುತ್ತದೆ ಅಂತ ಹುಡುಕಿಕೊಂಡು ಮೈಲಿಗಟ್ಟಲೆ ನಡೆಯುವವನ ಮನಸ್ಸು ಎಷ್ಟು ಗಟ್ಟಿ ಇರಬೇಕು ನೋಡಿ. ಅಷ್ಟೂ ಗಟ್ಟಿತನ ಕುಡಿತದ ಕಡೆಗೇ ತಿರುಗಿಬಿಟ್ಟಿರುತ್ತದೆ.

ಕುಡಿದರೆ ಖುಷಿ ಎಂಬುದು ಮೊದಲಿನ ವರ್ಷಗಳ ಮಾತು. ಕೊನೆ ಕೊನೆಗೆ ಖುಷಿಯೇ ಇರಲಿಲ್ಲ. ನಡುಕ ನಿಲ್ಲಬೇಕಿತ್ತು, ಅಷ್ಟೇ. ನನ್ನ ಅಪ್ಪ, ಚಿಕ್ಕಪ್ಪ ಇಬ್ಬರೂ ಕುಡಿಯುತ್ತಿದ್ದರು. ವೈದ್ಯರು ಹೇಳಿದ ಪ್ರಕಾರ ಈ ಕಾಯಿಲೆ ಬರುವ ಸಾಧ್ಯತೆಯಲ್ಲಿ ಸುಮಾರು ಅರ್ಧ ಪಾಲು ರಕ್ತದಿಂದ ಬರುತ್ತದೆ. ಉಳಿದರ್ಧ ಬೆಳೆದ ವಾತಾವರಣ, ಎಷ್ಟು ಚಿಕ್ಕ ವಯಸ್ಸಿಗೆ ಶುರು ಮಾಡಿದೆವು, ಮನಸ್ಸಿನ ನೋವು, ಇಂಥವು. ನಿಮಗೆ ಬರಲಿಲ್ಲ ಅಂದರೆ ಸಂತೋಷ ಸರ್.

ನಾನು ಬಿಟ್ಟದ್ದು ಆಸ್ಪತ್ರೆ ಮತ್ತು ಎಎ ಸಭೆ ಎರಡರಿಂದಲೂ. ಎಎ ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಕುಡಿತಕ್ಕೆ ಸಿಕ್ಕಿದ್ದ ಇಬ್ಬರು, ಒಬ್ಬ ಷೇರು ಪೇಟೆಯವ, ಇನ್ನೊಬ್ಬ ಸರ್ಜನ್, ಸೇರಿ ಶುರು ಮಾಡಿದ್ದು. ಫೀಸ್ ಇಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಕನ್ನಡದಲ್ಲೇ ಸಭೆ ನಡೆಯುತ್ತದೆ. ನನ್ನ ಹಾಗೇ ಬಾರಿನ ಬಾಗಿಲಿಗೆ ಕಾದು ನಿಂತವರ ಬಾಯಿಂದ ಕೇಳಿದಾಗ ಆದ ಸಮಾಧಾನ ಬೇರೆ ಎಲ್ಲೂ ಸಿಗಲಿಲ್ಲ.

ಮಂಡ್ಯದ_ಸೊಸೆ
ನಾನು ಇನ್ನೊಂದು ಮಗ್ಗುಲಿನಿಂದ ಕೇಳುತ್ತೇನೆ. ಸಕ್ಕರೆ ಕಾಯಿಲೆ ಇದ್ದ ಹಾಗೆ ಇದೂ ಕಾಯಿಲೆ ಅಂತ ಆಸ್ಪತ್ರೆಯಲ್ಲಿ ಹೇಳಿದರು. ಸಕ್ಕರೆ ಕಾಯಿಲೆಯವನು ಹೆಂಡತಿಗೆ ಹೊಡೆಯುತ್ತಾನಾ? ಮಗಳ ಓಲೆ ಅಡ ಇಡುತ್ತಾನಾ? ಕಾಯಿಲೆ ಅಂತ ಒಪ್ಪಿಕೊಂಡು ನಾವು ಎಷ್ಟು ತಡೆದುಕೊಳ್ಳಬೇಕು?

ಸಿಸ್ಟರ್_ಧಾರವಾಡ
ಒಂದಿಷ್ಟೂ ತಡೆದುಕೊಳ್ಳಬೇಕಿಲ್ಲ. ಕಾಯಿಲೆ ಅಂದರೆ ಮಾಡಿದ್ದಕ್ಕೆಲ್ಲ ಮಾಫಿ ಅಂತಲ್ಲ. ಹೊಡೆತಕ್ಕೆ ಕಾನೂನಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಕುಡಿದು ಹೊಡೆದವನನ್ನು ಬೇರೆ ಮಾಡಿ ನೋಡುವುದಿಲ್ಲ. ಮಹಿಳಾ ಸಹಾಯವಾಣಿ 181 ಇದೆ. ಮೊದಲು ನೀವು, ಮಕ್ಕಳು ಸುರಕ್ಷಿತ ಜಾಗಕ್ಕೆ ಹೋಗಿ. ಚಿಕಿತ್ಸೆ ಆಮೇಲೂ ಮಾಡಿಸಬಹುದು. ಹಾಸನದ ಅಕ್ಕನ ಅತ್ತಿಗೆ ತವರಿಗೆ ಹೋದದ್ದನ್ನು ಯಾರೂ ತಪ್ಪು ಅನ್ನಬೇಡಿ.

ನಾವು ಕಾಯಿಲೆ ಎನ್ನುವುದು ಏಕೆಂದರೆ ಬೈಗುಳ, ಆಣೆ, ಹೊಡೆತದಿಂದ ಇದು ವಾಸಿಯಾಗುವುದಿಲ್ಲ, ಚಿಕಿತ್ಸೆಯಿಂದ ಆಗುತ್ತದೆ. ಚಿಕಿತ್ಸೆ ತೆಗೆದುಕೊಳ್ಳುವ ಜವಾಬ್ದಾರಿ ರೋಗಿಯದೇ. ಸಕ್ಕರೆ ಕಾಯಿಲೆಯವರಿಗೂ ಅದೇ ಅಲ್ವಾ? ಇನ್ನು ಮನೆಯವರು ಸಾಲ ತೀರಿಸುವುದು, ಮಾಲೀಕರಿಗೆ 'ಜ್ವರ ಬಂದಿದೆ' ಅಂತ ಸುಳ್ಳು ಹೇಳುವುದು ನಿಲ್ಲಿಸಬೇಕು. ಮನೆಯವರಿಗೇ ಅಂತ ಅಲ್-ಅನಾನ್ ಸಭೆಗಳಿವೆ. ಅಲ್ಲಿಗೆ ಹೋಗಲು ಕುಡಿಯುವವನು ಬಿಟ್ಟಿರಬೇಕು ಅಂತೇನೂ ಇಲ್ಲ.

ಮಂಡ್ಯದ_ಸೊಸೆ
181 ಬರೆದುಕೊಂಡೆ. ಮಾಫಿ ಅಲ್ಲ ಅಂತ ಆಸ್ಪತ್ರೆಯವರು ಅವತ್ತೇ ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು.

ಗಟ್ಟಿ_ಮಾತು
ಸರಿ ಸಿಸ್ಟರ್, ಆ ಮಾತು ಒಪ್ಪಿದೆ. ಆದರೆ ಸರ್ಕಾರ ಒಂದು ಕಡೆ ಮದ್ಯ ಮಾರಿ ಬೊಕ್ಕಸ ತುಂಬಿಸಿಕೊಳ್ಳುತ್ತದೆ, ಇನ್ನೊಂದು ಕಡೆ ಬಿಡಿಸುವ ಕೇಂದ್ರ ತೆಗೆಯುತ್ತದೆ. ಎಲ್ಲಾ ಅಂಗಡಿ ಮುಚ್ಚಿದರೆ ಕಾಯಿಲೆಯೂ ಇಲ್ಲ, ಆಸ್ಪತ್ರೆಯೂ ಬೇಡ.

ಮೆಡಿಕಲ್_ರಾಯರು
ಮುಚ್ಚಿ ನೋಡಿದ್ದೇವಲ್ಲ ಸ್ವಾಮಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಕುಡಿಯುವವರು ಅಗ್ಗದ ವಿಸ್ಕಿಗೆ ಹೋದರು. ಸಾರಾಯಿ ನಿಲ್ಲಿಸಿದ್ದು ತಪ್ಪು ಅನ್ನುತ್ತಿಲ್ಲ. ಹೊಸಬರು ಶುರು ಮಾಡುವುದು ಕಡಿಮೆಯಾಗಬೇಕಾದರೆ ಸುಲಭವಾಗಿ ಸಿಗಬಾರದು, ಅದು ನಿಜ. ಆದರೆ ಆಗಲೇ ಅಂಟಿಕೊಂಡವನಿಗೆ ಬಾಗಿಲು ಮುಚ್ಚಿದರೆ ಏನಾಗುತ್ತದೆ ಅಂತ 2020ರಲ್ಲಿ ನೋಡಿದೆವು. ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು, ಒಂದೇ ರಾತ್ರಿಯಲ್ಲಿ ಎಲ್ಲಾ ಅಂಗಡಿ ಬಂದ್. ಬೆಂಗಳೂರಿನ ಆಸ್ಪತ್ರೆಗೆ ಫಿಟ್ಸ್, ಡೆಲಿರಿಯಂ ಆದವರು ಜಾಸ್ತಿ ಬಂದರು. ಮೇ 4ಕ್ಕೆ ಅಂಗಡಿ ತೆರೆದಾಗ ಕ್ಯೂ ನೋಡಿ ಟಿವಿಯವರು ನಕ್ಕರು. ನನಗೆ ನಗು ಬರಲಿಲ್ಲ. ಆ ಕ್ಯೂನಲ್ಲಿ ರೋಗಿಗಳೂ ನಿಂತಿದ್ದರು. ಬೊಕ್ಕಸದ ಮಾತು ಮಾತ್ರ ನೂರಕ್ಕೆ ನೂರು ಸರಿ.

2019ರಲ್ಲಿ ಏಮ್ಸ್‌ನವರು ಕೇಂದ್ರ ಸರ್ಕಾರಕ್ಕೆ ಮಾಡಿಕೊಟ್ಟ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಸುಮಾರು 5.7 ಕೋಟಿ ಜನರಿಗೆ ನೆರವು ಬೇಕು. ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರು ಮಾತ್ರ ಯಾವುದೋ ಒಂದು ಚಿಕಿತ್ಸೆ ಪಡೆದಿದ್ದಾರೆ. ಉಳಿದ 37 ಜನ ಎಲ್ಲಿದ್ದಾರೆ? ತಾಯತ, ಪುಡಿ, ತೋಟದ ಮನೆ.

ಕರಾವಳಿ_ಹುಡುಗ
ನಮ್ಮ ಕಡೆ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರದು. ಸಾಮಾನ್ಯವಾಗಿ ಎಂಟು ದಿನ. ಊರಿನ ಸಭಾಭವನದಲ್ಲೇ ಊಟ, ವಸತಿ, ಭಜನೆ, ಯೋಗ, ಗುಂಪು ಮಾತುಕತೆ. ಮನೆಯವರನ್ನೂ ಕರೆದು ಕೂರಿಸುತ್ತಾರೆ. ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವರದೇ ಗುಂಪು. ನಾನು ಸ್ವಯಂಸೇವಕನಾಗಿ ಹೋಗಿದ್ದೇನೆ. ಊರಿನವರೆಲ್ಲ ಬಂದು ಹರಸುವಾಗ, ಹತ್ತು ವರ್ಷ ಯಾರೂ ಮಾತಾಡಿಸದ ಮನುಷ್ಯನ ಮುಖ ನೋಡಬೇಕು. ಆಸ್ಪತ್ರೆಯ ಮಾತ್ರೆಯಿಂದ ಆ ಮರ್ಯಾದೆ ವಾಪಸ್ ಬರುವುದಿಲ್ಲ.

ಸಿಸ್ಟರ್_ಧಾರವಾಡ
ಆ ಮಾತಿಗೆ ನನ್ನ ತಕರಾರಿಲ್ಲ. ಮರ್ಯಾದೆ, ಸ್ನೇಹ, ಕೆಲಸ ಇವಿಲ್ಲದೆ ಮಾತ್ರೆ ಹೆಚ್ಚು ದಿನ ನಡೆಯುವುದಿಲ್ಲ. ಆದರೆ ಹಿಂದೆ ಫಿಟ್ಸ್ ಬಂದವರು, ಜಾಂಡೀಸ್ ಆದವರು, ದಿನಕ್ಕೆ ಎರಡು ಕ್ವಾರ್ಟರಿನವರು ಮೊದಲು ವೈದ್ಯರನ್ನು ನೋಡಲಿ, ಆಮೇಲೆ ಶಿಬಿರಕ್ಕೆ ಹೋಗಲಿ.

ಇನ್ನೊಂದು ಎಚ್ಚರಿಕೆ. ಊರಾಚೆ ಮನೆ ಬಾಡಿಗೆಗೆ ತೆಗೆದುಕೊಂಡು 'ವ್ಯಸನಮುಕ್ತಿ ಕೇಂದ್ರ' ಅಂತ ಬೋರ್ಡು ಹಾಕಿದವರೂ ಇದ್ದಾರೆ. ರಾತ್ರಿ ಗಾಡಿಯಲ್ಲಿ ಬಂದು ಎತ್ತಿಕೊಂಡು ಹೋಗುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಡ್ರಗ್ಸ್‌ಗೆ ಸಂಬಂಧಪಟ್ಟ ಮಾನಸಿಕ ತೊಂದರೆಗಳೂ ಸೇರಿವೆ. ಅದರ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಕೇಂದ್ರ ನೋಂದಣಿಯಾಗಿರಬೇಕು. ಒಪ್ಪಿಗೆ ಇಲ್ಲದೆ ದಾಖಲಿಸಲು ಬಿಗಿಯಾದ ಷರತ್ತುಗಳಿವೆ. ಸೇರಿಸುವ ಮುಂಚೆ ಮೂರೇ ಪ್ರಶ್ನೆ ಕೇಳಿ. ನೋಂದಣಿ ಇದೆಯಾ? ಮನೋವೈದ್ಯರು ಬರುತ್ತಾರಾ? ನಾವು ಬಂದು ನೋಡಬಹುದಾ? 'ಮೂರು ತಿಂಗಳು ಮನೆಯವರು ಮುಖ ತೋರಿಸಬಾರದು' ಅಂದರೆ ಅಲ್ಲಿಂದ ಎದ್ದು ಬನ್ನಿ.

ಪಿಜಿ_ರೂಮ್
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬೆಂಗಳೂರಿನಲ್ಲಿ ಓದುತ್ತಿದ್ದೇನೆ. ನನ್ನ ರೂಮ್‌ಮೇಟ್‌ಗೆ ಗಾಂಜಾ ಇಲ್ಲದೆ ನಿದ್ದೆ ಬರುವುದಿಲ್ಲ. ಈಚೆಗೆ ಯಾರೋ ಫೋನ್ ಕದ್ದು ಕೇಳುತ್ತಿದ್ದಾರೆ ಅಂತಾನೆ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳುತ್ತಾರೆ ಅಂತ ಭಯ.

ಸಿಸ್ಟರ್_ಧಾರವಾಡ
ತಮ್ಮಾ, ಬೇಗ ತೋರಿಸಿ. ಫೋನ್ ಕದ್ದು ಕೇಳುತ್ತಾರೆ ಎಂಬ ಸಂಶಯ ಶುರುವಾಗಿದೆ ಅಂದರೆ ಕಾಯಬೇಡಿ. ಗಾಂಜಾದಿಂದ ಕೆಲವರಿಗೆ ಸೈಕೋಸಿಸ್, ಅಂದರೆ ನಿಜ ಯಾವುದು ಭ್ರಮೆ ಯಾವುದು ಅಂತ ತಿಳಿಯದ ಸ್ಥಿತಿ, ಆಗುತ್ತದೆ. ಆಸ್ಪತ್ರೆಗೆ ಬರುವುದು ಚಿಕಿತ್ಸೆಗೆ, ಠಾಣೆಗಲ್ಲ. ಮಾದಕ ವಸ್ತುಗಳಿಗೆ ಸಂಬಂಧಪಟ್ಟ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲೇ ತಾನಾಗಿ ಚಿಕಿತ್ಸೆಗೆ ಮುಂದೆ ಬಂದ ವ್ಯಸನಿಗೆ, ಸಣ್ಣ ಪ್ರಮಾಣದ ಪ್ರಕರಣವಾದರೆ, ರಕ್ಷಣೆ ಇದೆ. ನಿಮಗೆ ನಿಮ್ಹಾನ್ಸ್ ಹತ್ತಿರ. ಅಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗವಿದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆ ಬೇರೆ ಸಹಾಯವಾಣಿ 14446.

ಹೇಮಾವತಿ_ತೀರ
ಎಲ್ಲರಿಗೂ ಕೈ ಮುಗಿಯುತ್ತೇನೆ. ಪುಡಿ ಬೇಡ, ತೋಟದ ಮನೆ ಬೇಡ ಅಂತ ದೊಡ್ಡಪ್ಪನ ಮಕ್ಕಳಿಗೆ ಇದನ್ನೆಲ್ಲ ಓದಿ ಹೇಳಿದೆ. ಆದರೆ ಅಣ್ಣ ಆಸ್ಪತ್ರೆ ಅಂದರೆ ಎದ್ದು ಹೋಗುತ್ತಾನೆ. 'ನಾನೇನು ಹುಚ್ಚನಾ' ಅಂತ ಕೇಳುತ್ತಾನೆ. ಹೇಗೆ ಕರೆದುಕೊಂಡು ಹೋಗುವುದು?

ಬಿಟ್ಟವನು_ಮೈಸೂರು
ತಂಗಿ, ಅವರಿಗೆ ಯಾವುದು ಕಾಟ ಕೊಡುತ್ತಿದೆಯೋ ಅಲ್ಲಿಂದ ಶುರು ಮಾಡಿ. ನನಗೆ ಕುಡಿತದ ಬಗ್ಗೆ ಯಾರಾದರೂ ಮಾತೆತ್ತಿದರೆ ಮೈ ಉರಿಯುತ್ತಿತ್ತು. ಆದರೆ ಸಹಿ ಹಾಕುವಾಗ ಕೈ ನಡುಗಿ ಬ್ಯಾಂಕಿನಲ್ಲಿ ಅವಮಾನವಾದದ್ದು ನನಗೇ ನೋವಿನ ವಿಷಯ. ನನ್ನ ಅಕ್ಕ ಅದನ್ನೇ ಹಿಡಿದಳು. ಬೆಳಗ್ಗೆ ಹೊತ್ತು, ಅಮಲು ತೀರಾ ಏರಿರದ ಸಮಯದಲ್ಲಿ ಮಾತಾಡಿ. ಅಳಬೇಡಿ, ಲೆಕ್ಕ ಕೇಳಬೇಡಿ, ಮಕ್ಕಳನ್ನು ಎದುರಿಗೆ ನಿಲ್ಲಿಸಬೇಡಿ.

ಸಿಸ್ಟರ್_ಧಾರವಾಡ
ಹೌದು. ನಿದ್ದೆ, ನಡುಕ, ಹೊಟ್ಟೆ ಉರಿ, ಯಾವುದಾದರೂ ಆಗಬಹುದು. ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ, ಅವರ ತೊಂದರೆಯನ್ನೇ ಹೇಳಿ. ತಾಲ್ಲೂಕು ಆಸ್ಪತ್ರೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಗೊತ್ತಾದ ದಿನ ಬರುತ್ತಾರೆ, ಬಹಳ ಕಡೆ ಮಂಗಳವಾರ. ನಿಮ್ಮಲ್ಲಿ ಯಾವಾಗ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿಯವರೆಗೆ ಕುಡಿತ ತಟ್ಟನೆ ನಿಲ್ಲಿಸಲು ಒತ್ತಾಯ ಬೇಡ. ಇದನ್ನು ಬರೆಯುವಾಗ ನನಗೇ ವಿಚಿತ್ರ ಅನಿಸುತ್ತದೆ, ಆದರೂ ಹೇಳಬೇಕು.

ಹೇಮಾವತಿ_ತೀರ
ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ನಡುಕದ ವಿಷಯ ಹೇಳಿದೆ. ಸ್ಟೇರಿಂಗ್ ಹಿಡಿಯಲು ಆಗುತ್ತಿಲ್ಲ ಅಂತ ಅವನೇ ಬಾಯಿ ಬಿಟ್ಟ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಸೇರಿಸಿಕೊಂಡರು. ಎರಡನೇ ರಾತ್ರಿ ಮೈಯೆಲ್ಲ ಬೆವರಿ, ಮಂಚದ ಮೇಲೆ ಕೂತು ಗಾಡಿ ಗೇರ್ ಹಾಕುವ ಹಾಗೆ ಕೈ ಆಡಿಸುತ್ತಿದ್ದ. ಸಿಸ್ಟರ್ ಬರೆದಿದ್ದರಿಂದ ನನಗೆ ಅದೇನು ಅಂತ ಗೊತ್ತಿತ್ತು. ಕೂಡಲೇ ಡ್ಯೂಟಿ ಡಾಕ್ಟರನ್ನು ಕರೆದೆ. ತೋಟದ ಮನೆಯಲ್ಲಿ ಹೀಗಾಗಿದ್ದರೆ ಅಂತ ಯೋಚಿಸಲೂ ಆಗುತ್ತಿಲ್ಲ.

ಮನೆಗೆ ಬಂದು ಚೆನ್ನಾಗಿದ್ದ. ಗಾಡಿ ತೊಳೆದ. ಬಾಡಿಗೆಗೂ ಹೋದ. ಮೊನ್ನೆ ನೆಂಟರ ಮದುವೆಯ ಬೀಗರೂಟದಲ್ಲಿ ಯಾರೋ ಕುಡಿಸಿದ್ದಾರೆ. ಈಗ ಮನೆಯಲ್ಲಿ ಎಲ್ಲರೂ ನನ್ನನ್ನೇ ಅನ್ನುತ್ತಿದ್ದಾರೆ. ಆಸ್ಪತ್ರೆಗೆ ಹಾಕಿದ ದುಡ್ಡೆಲ್ಲ ನೀರಿಗೆ ಹೋಯಿತು ಅಂತ.

ಗಟ್ಟಿ_ಮಾತು
ಇದನ್ನೇ ನಾನು ಹೇಳಿದ್ದು. ನಾಯಿ ಬಾಲ ಡೊಂಕು.

ಬಿಟ್ಟವನು_ಮೈಸೂರು
ಸರ್, ನಾನೂ ಜಾರಿದವನೇ, ಒಂದೇ ಸಲವಲ್ಲ. ಜಾರಿದ ಮಾರನೇ ದಿನ ಮನೆಯಲ್ಲಿ ಏನು ಮಾತು ಬರುತ್ತದೋ ಅದರ ಮೇಲೆ ಮುಂದಿನದು ನಿಂತಿರುತ್ತದೆ. 'ಹೇಗೂ ಹಾಳಾಯಿತು' ಅಂತ ಅನಿಸಿದರೆ ಮತ್ತೆ ಎರಡು ಕ್ವಾರ್ಟರಿಗೇ ಹೋಗುತ್ತೇವೆ. ತಂಗಿ, ಅಣ್ಣ ಮನೆಯಲ್ಲಿದ್ದಾರಾ? ಇನ್ನೂ ಕುಡಿಯುತ್ತಿದ್ದಾರಾ?

ಹೇಮಾವತಿ_ತೀರ
ಎರಡು ದಿನ ಕುಡಿದ. ನಿನ್ನೆಯಿಂದ ಇಲ್ಲ. ನಾಚಿಕೆಯಿಂದ ಕೋಣೆ ಬಿಟ್ಟು ಬರುತ್ತಿಲ್ಲ. ನಡುಕ ಸ್ವಲ್ಪ ಇದೆ.

ಸಿಸ್ಟರ್_ಧಾರವಾಡ
ನಾಳೆ ಬೆಳಗ್ಗೆಯೇ ಆಸ್ಪತ್ರೆಗೆ ಹೋಗಿ. ಎರಡೇ ದಿನ ಆದದ್ದರಿಂದ ಮೊದಲಿನಷ್ಟು ಜೋರಾಗಿ ಇರಲಿಕ್ಕಿಲ್ಲ. ಆದರೂ ರಾತ್ರಿ ಒಬ್ಬರು ಜೊತೆಯಲ್ಲಿ ಮಲಗಿ. ಫಿಟ್ಸ್ ಬಂದರೆ, ಅರ್ಥವಿಲ್ಲದೆ ಏನೇನೋ ಮಾತಾಡಿದರೆ, ನಡುಕ ಏರಿದರೆ ಬೆಳಗಾಗುವುದನ್ನು ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ದುಡ್ಡು ನೀರಿಗೆ ಹೋಗಿಲ್ಲ. ವ್ಯಸನದಲ್ಲಿ ಮತ್ತೆ ಜಾರುವವರು ನೂರಕ್ಕೆ 40ರಿಂದ 60. ಬಿಪಿ, ಅಸ್ತಮಾದಲ್ಲೂ ಮತ್ತೆ ಏರುಪೇರಾಗುವವರು ಹೆಚ್ಚುಕಡಿಮೆ ಇಷ್ಟೇ, ಇನ್ನೂ ಜಾಸ್ತಿಯೇ. ಬಿಪಿ ಏರಿದಾಗ 'ನಾಯಿ ಬಾಲ' ಅಂತ ಯಾರೂ ಅನ್ನುವುದಿಲ್ಲ, ಮಾತ್ರೆ ಬದಲಾಯಿಸುತ್ತಾರೆ.

ನೀವು ವೈದ್ಯರಿಗೆ ಕೇಳಬೇಕಾದ್ದು: ಡಿಸ್ಚಾರ್ಜ್ ಆದ ಮೇಲೆ ಕುಡಿಯುವ ಆಸೆ ಕಡಿಮೆ ಮಾಡುವ ಮಾತ್ರೆ ಕೊಟ್ಟಿದ್ದಾರಾ, ಅಣ್ಣ ನುಂಗುತ್ತಿದ್ದರಾ. ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಅಂತ ಇವೆ. ಲಿವರ್, ಕಿಡ್ನಿ ನೋಡಿಕೊಂಡು ಯಾವುದು ಆಗಬಹುದು ಅಂತ ಅವರು ಹೇಳುತ್ತಾರೆ. ರಾಯರು ಹೇಳಿದ ಡೈಸಲ್ಫಿರಾಮ್ ಕೂಡ ಇದೆ. ಅಣ್ಣ ತಾವೇ ಒಪ್ಪಿ, ಮನೆಯವರೊಬ್ಬರ ಎದುರಿಗೆ ದಿನಾ ನುಂಗುತ್ತೇನೆ ಅಂದರೆ ಅದೂ ಕೆಲಸ ಮಾಡುತ್ತದೆ. ಬೀಗರೂಟದಲ್ಲಿ ಕುಡಿದದ್ದನ್ನು ವೈದ್ಯರಿಗೆ ಹೇಳಲೇಬೇಕು. ಮದ್ಯ ಮೈಯಲ್ಲಿ ಇರುವಾಗ ಅದನ್ನು ಶುರು ಮಾಡುವಂತಿಲ್ಲ.

ಹೇಮಾವತಿ_ತೀರ
ಡಿಸ್ಚಾರ್ಜ್ ಆದಾಗ ಏನೋ ಮಾತ್ರೆ ಕೊಟ್ಟಿದ್ದರು. ಚೆನ್ನಾಗಿದ್ದೇನೆ ಅಂತ ಒಂದು ತಿಂಗಳಿಗೇ ಬಿಟ್ಟಿದ್ದಾನೆ. ಸ್ಟ್ರಿಪ್ ಇನ್ನೂ ಕಪಾಟಿನಲ್ಲಿದೆ.

ಮೆಡಿಕಲ್_ರಾಯರು
ಆ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ ತಂಗಿ, ಖಾಲಿ ಆಗಿರುವುದೂ ಇದ್ದರೆ ಅದನ್ನೂ. ಡಿಸ್ಚಾರ್ಜ್ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟ್ ಒಂದೇ ಕವರಿನಲ್ಲಿ ಹಾಕಿಕೊಳ್ಳಿ. ಮನೆಯಲ್ಲಿ ಅರಿಷ್ಟ, ಟಾನಿಕ್ ಬಾಟಲಿ ಇದ್ದರೆ ಅದನ್ನೂ ತೋರಿಸಿ ಕೇಳಿ.

ಬಿಟ್ಟವನು_ಮೈಸೂರು
ಅಣ್ಣನಿಗೆ ನನ್ನ ಜೊತೆ ಮಾತಾಡಬೇಕು ಅನಿಸಿದರೆ ಇಲ್ಲೇ ಖಾಸಗಿ ಸಂದೇಶ ಹಾಕಲಿ. ಉಪದೇಶ ಮಾಡುವುದಿಲ್ಲ ಅಂತ ಹೇಳಿ. ನಿಮ್ಮ ಜಿಲ್ಲೆಯಲ್ಲಿ ಎಎ ಸಭೆ ಯಾವ ವಾರ, ಎಲ್ಲಿ ಅಂತ ವಿಚಾರಿಸಿ ಇಲ್ಲೇ ತಿಳಿಸುತ್ತೇನೆ.